ಗುರಿಹಲಗೆಯ ಪಕ್ಕದ ಜಾಗ

ಕೋವಿ ಸಂಘದ ಯಜಮಾನರಾದ ಒಟ್ಮಾರ್ ಅವರಿಗೆ,

ಕೋವಿಯ ನಳಿಗೆಯೊಳಗೆ ನಾನು ಕೊರೆದ ತಿರುವುಗೆರೆಗಳಿಂದ ಗುಂಡು ನೇರ ಹೋಗುವುದನ್ನು ನೀವೇ ಕಂಡಿರಿ. ಆದರೂ ಪಂದ್ಯದ ದಿನ, "ಇಷ್ಟು ನೇರ ಹೋಗ್ಬೇಕಾದ್ರೆ ಗುಂಡಿನ ಮೇಲೆ ಸೈತಾನ ಕೂತಿರ್ಬೇಕು ಕಣಯ್ಯ. ನುಣುಪು ನಳಿಗೆ ತಗೊಂಡ್ ಬಾ, ಉಳಿದಿದ್ದು ದೇವ್ರು ನೋಡ್ಕೋತಾನೆ" ಎಂದು ಬಿಯರ್ ಕುಡಿಯುತ್ತಿದ್ದವರನ್ನೆಲ್ಲ ನಗಿಸಿದಿರಿ.

ಆಮೇಲೆ ಗೆರೆಯಿಲ್ಲದ ಆ ನುಣುಪು ನಳಿಗೆಯಿಂದ ನೀವು ಹಾರಿಸಿದ ಗುಂಡು ಗುರಿಹಲಗೆ ತಪ್ಪಿ, ಗುಂಡು ಬಿದ್ದ ಜಾಗ ಗುರುತಿಸಲು ಪಕ್ಕದಲ್ಲಿ ನಿಂತಿದ್ದ ನನ್ನ ತಮ್ಮ ವೆಲ್ಟನ್‌ನ ಮೊಣಕಾಲು ಒಡೆಯಿತು. ಈಗ ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳಿಸೆಂದು ಹೇಳಿಕಳಿಸಿದ್ದೀರಿ.

ನಮ್ಮ ಬೀದಿಯಲ್ಲಿ ಯಾರೂ ಒಪ್ಪುತ್ತಿಲ್ಲ. ಭಾನುವಾರ ಚರ್ಚು ಮುಗಿಸಿಕೊಂಡು ನೀವೇ ಬಂದು ಆ ಜಾಗದಲ್ಲಿ ನಿಲ್ಲಿ. ನಾನು ನುಣುಪು ನಳಿಗೆಯನ್ನೇ ತರುತ್ತೇನೆ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಇಂತು,
ಕೋವಿ ಕಮ್ಮಾರ ಗಾಂಗೊಲ್ಫ್