ಡಾಕ್ಟರಿಗೇ ಗೊತ್ತಾಗಲಿಲ್ಲ

ಅಪ್ಪಾ,

ಯುಟ್ರೆಕ್ಟ್‌ನ ನಮ್ಮ ಮನೆಗೆ ಮೈಸೂರಿನ ನೆಂಟರು ಬರುವ ಮೊದಲೇ ನೀವು ನನ್ನನ್ನು ಸೋಫಾದಲ್ಲಿ ಕೂರಿಸಿಬಿಡುತ್ತಿದ್ದಿರಿ. "ಅವ್ರು ಹೋಗೋವರೆಗೂ ಏಳ್ಬೇಡ ಪುಟ್ಟಿ." ಹುಟ್ಟಿನಿಂದ ನನ್ನ ಮಾತು ಕೇಳದ ಎಡಗಾಲು ಯಾರ ಕಣ್ಣಿಗೂ ಬೀಳಬಾರದಿತ್ತು. ಬಾತ್‌ರೂಮಿಗೂ ಹೋಗದೆ ಗಂಟೆಗಟ್ಟಲೆ ಕೂತಿರುತ್ತಿದ್ದೆ, ಗೊತ್ತಿತ್ತಾ ನಿಮಗೆ?

ಫಿಸಿಯೋ ಹೇಳಿದರೆಂದು ಹನ್ನೊಂದನೇ ವಯಸ್ಸಿಗೆ ಕುದುರೆ ಹತ್ತಿಸಿದವರೂ ನೀವೇ. ಅದನ್ನು ಮರೆತಿಲ್ಲ. ಎಲ್ಲರೂ ಸೈಕಲ್ಲಿನಲ್ಲೇ ಓಡಾಡುವ ಈ ಊರಲ್ಲಿ ಸೈಕಲ್ ಹೊಡೆಯಲಾಗದವಳು ಡ್ರೆಸಾಜ್ ಕಲಿತೆ, ತೀರ್ಪುಗಾರರ ಮುಂದೆ ಕುದುರೆಯನ್ನು ಗೆರೆ ತಪ್ಪದೆ ನಡೆಸುವ, ತಿರುಗಿಸುವ ಸ್ಪರ್ಧೆ. ನನ್ನಂಥವರಿಗೆ ಅದರಲ್ಲಿ ದರ್ಜೆಗಳಿವೆ. ದೇಹಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಪರೀಕ್ಷಿಸಿ ದರ್ಜೆ ಕೊಡುತ್ತಾರೆ.

ಆ ಪರೀಕ್ಷೆಯ ದಿನ ವೈದ್ಯೆ ಕೇಳಿದ್ದು ನನ್ನನ್ನು: ಕಾಲು ಸೆಟೆದುಕೊಳ್ಳುತ್ತದೆಯೇ, ಬೇಗ ಸುಸ್ತಾಗುತ್ತದೆಯೇ? ಉತ್ತರ ಕೊಟ್ಟದ್ದು ನೀವು. "ನೋ ನೋ ಡಾಕ್ಟರ್, ಶೀ ಮ್ಯಾನೇಜಸ್ ಎವೆರಿಥಿಂಗ್!" ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವ ಅಪ್ಪನ ಹಾಗೆ. ನಾನೂ ಹಲ್ಲು ಕಚ್ಚಿ ಕಾಲು ನೆಟ್ಟಗೆ ಮಾಡಿದೆ. ಗಟ್ಟಿಮುಟ್ಟಾದವರ ದರ್ಜೆ ಸಿಕ್ಕಿತು. "ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ ನೋಡು!" ಎಂದು ಕಾರಿನಲ್ಲಿ ನಕ್ಕಿರಿ. ನಾನೂ ನಕ್ಕೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಏಳು ವರ್ಷ, ಅಪ್ಪಾ. ಆ ದರ್ಜೆಯಲ್ಲಿ ಕುದುರೆಯನ್ನು ಕ್ಯಾಂಟರ್ ಓಟಕ್ಕೆ ಏರಿಸಬೇಕು. ಓಟ ಶುರುವಾದರೆ ಸಾಕು, ನನ್ನ ಕಾಲು ಸೆಟೆದು ಅದರ ಹೊಟ್ಟೆಗೆ ಒತ್ತುತ್ತಿತ್ತು. ಪಾಪ, ಅದು ಗಾಬರಿಯಾಗಿ ಗೆರೆ ತಪ್ಪುತ್ತಿತ್ತು. ಪ್ರತಿ ಸಲವೂ ಕೊನೆಯ ಸ್ಥಾನ. "ಪ್ರಾಕ್ಟೀಸ್ ಸಾಲ್ದು" ಎನ್ನುತ್ತಿದ್ದಿರಿ. ಮರುಪರೀಕ್ಷೆ ಕೇಳೋಣ ಎಂದು ನನ್ನ ಕೋಚ್ ಇನೆಕೆ ಮನೆಗೇ ಬಂದು ಹೇಳಿದಾಗ, "ನಮ್ಮ ಹುಡುಗಿ ಏನು ಅಷ್ಟೊಂದು..." ಎಂದು ಅರ್ಧಕ್ಕೇ ನಿಲ್ಲಿಸಿದಿರಿ. ಅಷ್ಟೊಂದು ಏನು? ನಾನಾದರೂ ಬಾಯಿ ಬಿಡಬಹುದಿತ್ತು. ನಿಮ್ಮ ಮುಖ ನೋಡಿ ಸುಮ್ಮನಾದೆ.

ನಿಮ್ಮ ವರ್ಷದ ತಿಥಿ ಮುಗಿದ ವಾರ ನಾನೇ ಅರ್ಜಿ ಹಾಕಿದೆ. ಪರೀಕ್ಷೆಗೆ ಒಬ್ಬಳೇ ಹೋದೆ. ಕಾಲು ಎಳೆಯುತ್ತಲೇ ನಡೆದು ತೋರಿಸಿದೆ, ಕೇಳಿದ್ದಕ್ಕೆಲ್ಲ ಹೌದು ಎಂದೆ. ಕ್ಯಾಂಟರ್ ಇಲ್ಲದ ದರ್ಜೆ ಕೊಟ್ಟರು. ಕುದುರೆಗೀಗ ಹತ್ತೊಂಬತ್ತು ವರ್ಷ, ಈ ಬೇಸಿಗೆ ಮುಗಿದರೆ ಅದಕ್ಕೆ ನಿವೃತ್ತಿ.

ಹೋದ ಭಾನುವಾರ ಮೊದಲ ಸ್ಥಾನ ಬಂತು. ಇನೆಕೆ ಅತ್ತಳು. ನನಗೆ ಅಳು ಬರಲಿಲ್ಲ, ಒಂದೇ ಯೋಚನೆ ಬಂತು. ನೀವು ಇದ್ದಿದ್ದರೆ ನಾನು ಗೆಲ್ಲುತ್ತಿರಲಿಲ್ಲ. ಈ ಮಾತನ್ನು ನಿಮಗಲ್ಲದೆ ಇನ್ನು ಯಾರಿಗೆ ಹೇಳಲಿ, ಅಪ್ಪಾ?