ಲಾವಾದ ಹತ್ತಿರ ಮಧುಮತಿ

ಜನವರಿ ೯, ಅಲ್ ಐನ್, ಯುಎಇ
ಎಂದಿನಂತೆ ಬೆಟ್ಟದ ಬುಡದಲ್ಲಿ ಅಭ್ಯಾಸ. ಗ್ಯಾಸ್ ಮಾಸ್ಕ್ ಧರಿಸಿ ಏರುದಾರಿ, ಬಳಿಕ ಸುತ್ತಿಗೆಯ ಪಾಠ. ಹರಿವ ಲಾವಾವನ್ನು ಸುತ್ತಿಗೆಯ ತುದಿಯಿಂದ ತೋಡಿ, ತಕ್ಷಣವೇ ನೀರಿನ ಬಕೆಟ್ಟಿಗೆ ಹಾಕಬೇಕು. ಲಾವಾದ ಬದಲು ನಮಗೆ ಒದ್ದೆ ಮರಳು...
"ಟೀಚರ್, ಎಲ್ಲ ನೋಡ್ತಿದಾರೆ. ಸೋ ಎಂಬರಾಸಿಂಗ್," ಎಂದಳು ಮಧುಮತಿ.
ನೋಡಲಿ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಭೂವಿಜ್ಞಾನದ ಪದವೀಧರೆ. ಇಟಲಿಯ ಎಟ್ನಾ ಜ್ವಾಲಾಮುಖಿಯ ಸಂಶೋಧಕರು ನನ್ನ ಶಿಫಾರಸಿನ ಮೇಲೆ ಒಂದು ತಿಂಗಳಿಗೆ ಕರೆದಿದ್ದಾರೆ. ತಂದೆ ಬಾಳಪ್ಪನವರು ಒಪ್ಪಿಲ್ಲ. ಒಪ್ಪಿಸದೆ ಬಿಡುವವಳಲ್ಲ ನಾನು.

ಜನವರಿ ೧೧
ಅವರ ಮನೆಗೆ ಹೋದೆ. ಬಾಳಪ್ಪನವರು ಕಟ್ಟಡದ ಸೈಟಿನಲ್ಲಿ ಸೇಫ್ಟಿ ಎಂಜಿನಿಯರ್.
"ಜೋಸ್ಫಿನ್ ಟೀಚರ್, ಸುಡೂ ಜಾಗದಿಂದ ಮಂದಿನ್ನ ದೂರ ಇಡೂದು ನನ್ನ ಕೆಲಸ. ನನ್ನ ಮಗಳನ್ನ ಹತ್ರ ಕಳಸ್ಲೇನ್ರಿ?"
ಚಹಾ ತಂದ ಪಾರ್ವತೆವ್ವ ಗಂಡನತ್ತ ನೋಡದೆಯೇ ಅಂದರು, "ನಾ ಇಷ್ಟ್ ವರ್ಷ ಒಲಿ ಮುಂದ ನಿಂತೀನಿ. ಆವಾಗ ಸೇಫ್ಟಿ ಎಲ್ಲಿ ಹೋಗಿತ್ತು?"
ಬಾಳಪ್ಪನವರು, ಮಧುಮತಿಗೆಂದು ನಾನು ದುಬೈಯಿಂದ ತಂದಿದ್ದ ಬೆಳ್ಳಿಬಣ್ಣದ ಶಾಖನಿರೋಧಕ ಜಾಕೆಟ್ ಎತ್ತಿಕೊಂಡರು. ಒಳಪದರದ ತುಂಡೊಂದನ್ನು ಕತ್ತರಿಸಿ ಲೈಟರ್ ಹಿಡಿದರು. ಕರಗಿ, ಹನಿಯಾಗಿ ತಟ್ಟೆಗೆ ಬಿತ್ತು.
"ನೈಲಾನ್. ಮೈಗೆ ಅಂಟ್ಕೋತದ. ಯಾರು ಆರಿಸಿದ್ರು?"
"ನಾನು." ಆದರೂ ಹೇಳಿದೆ — "ಜಾಕೆಟ್ ಆರಿಸಿದ್ದು ತಪ್ಪು ಸರ್. ಹುಡುಗಿಯನ್ನು ಆರಿಸಿದ್ದು ತಪ್ಪಲ್ಲ."
"ಖಲಾಸ್ ಟೀಚರ್. ಸಾಕು."

ಜನವರಿ ೧೨
ಸಾಕಾಗಿಲ್ಲ. ಮಧುಮತಿಗೆ ಫೋನ್ ಮಾಡಿದೆ. ನಾಳೆ ಅಭ್ಯಾಸ ಉಂಟು ಎಂದೆ. "ಬರ್ತೀನಿ. ಪಪ್ಪಗೂ ಹೇಳಿದೀನಿ — ಐ ಆ್ಯಮ್ ಗೋಯಿಂಗ್."

ಜನವರಿ ೧೩
ಬಂದಳು. ಹಿಂದೆಯೇ ಬಾಳಪ್ಪನವರು, ಕೈಯಲ್ಲಿ ಲೈಟರ್. ಕೈಗವಸು, ಶೂ ಲೇಸು, ಬ್ಯಾಗಿನ ಪಟ್ಟಿ — ಒಂದೊಂದರ ಎಳೆ ಕಿತ್ತು ಸುಟ್ಟು ನೋಡಿದರು.
"ಒಪ್ಪಿದಿರಾ?" ಎಂದೆ.
"ಇಲ್ರೀ. ಚೆಕ್ ಮಾಡಾಕ ಬಂದೀನಿ, ಅಷ್ಟ."
ಅರ್ಧ ಸಾಮಾನು ತಿರಸ್ಕೃತ. ಸಂತೋಷದಿಂದ ಬೈಸಿಕೊಂಡೆ.

ಫೆಬ್ರವರಿ ೨೦
ಅವರ ಮನೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಎಟ್ನಾದಿಂದ ಮಧುಮತಿಯ ವಿಡಿಯೋ ಕಾಲ್ ಬಂದಿದೆ. ಲಾವಾದ ಹರಿವು ನಿಧಾನ, ಮೇಲೆ ಕಪ್ಪು ತೊಗಲು, ಬಿರುಕುಗಳಲ್ಲಿ ಕೆಂಪು. ಮಾಸ್ಕ್ ಸರಿಸಿ ನಗುತ್ತಿದ್ದಾಳೆ. ಪಾರ್ವತೆವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಬಾಳಪ್ಪನವರು ಫೋನಿನತ್ತ ಬಾಗಿದರು.
"ಗಾಳಿಗೆ ಬೆನ್ನು ಕೊಡು, ಮಗಾ... ಹಂಗ. ಇನ್ನೊಂದ್ ಹೆಜ್ಜಿ ಮುಂದ ಹೋಗು, ಇಲ್ಲಿಂದ ಸರಿಯಾಗಿ ಕಾಣವಲ್ದು —"
ಪೆನ್ನು ಕೆಳಗಿಡುತ್ತೇನೆ. ನಾನೂ ನೋಡಬೇಕು.