ಸತ್ತವರ ಮೇಲೆ ಎಂತಾ ಹಗೆ

ಈರಮಾವನಿಗೆ,

ಕುಮಟೆಯಿಂದ ನಿನ್ನ ಅಕ್ಕನ ಮಗಳು ಸುಪ್ರಿಯಾ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನೀನು ಹಾಸಿಗೆ ಹಿಡಿದ ಸುದ್ದಿ ನಿನ್ನೆ ಹಮ್ಮಚಿಕ್ಕಿಯಿಂದ ತಿಳಿಯಿತು; ನಾವು ಹೇಗಿದ್ದೇವೆಂದು ನೀನಂತೂ ಇಷ್ಟು ದಿನ ಕೇಳಿದವನಲ್ಲ. ಚಿಕ್ಕಿ ಹರಿವೆಸೊಪ್ಪಿನ ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಿ, ಕೊಟ್ಟ ನೀರನ್ನೂ ಕುಡಿಯದೆ, ನೀನು ಹೇಳಿಕಳಿಸಿದ ಮಾತನ್ನು ಒಪ್ಪಿಸಿದಳು. "ಅಣ್ಣ ಇನ್ನು ಏಳೂ ಹಾಂಗೆ ಕಾಣೂದಿಲ್ಲ. ತನ್ನ ಹೆಣಕ್ಕೆ ಸುದರ್ಶನನೇ ಕೊಳ್ಳಿ ಇಡ್ಬೇಕು ಅಂತ ಹೇಳಿದ. ಅಂವಂಗೆ ನೀ ಒಂದು ಮಾತು ಹೇಳ್ಬೇಕಂತೆ."

ಹೆತ್ತ ಮಗನಿಗೆ ನೇರವಾಗಿ ಹೇಳಿಕಳಿಸುವ ಮುಖ ನಿನಗೆ ಉಳಿದಿಲ್ಲ. ಅದಕ್ಕೆ ನನ್ನನ್ನು ಹಿಡಿದೆ. ಉತ್ತರ ಬರೆಯುತ್ತಿದ್ದೇನೆ. ಓದಲು ಕಣ್ಣು ಸಾಲದಿದ್ದರೆ ನಿನ್ನ ಜಗುಲಿಯಲ್ಲಿ ಕೂರುವ ಹಿರಿಯರಲ್ಲಿ ಒಬ್ಬರಿಂದ ಗಟ್ಟಿಯಾಗಿ ಓದಿಸು. ಉಳಿದವರೂ ಕೇಳಲಿ.

ನಿನ್ನನ್ನು ಕೆಟ್ಟವನೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡಲು ಸಾಧ್ಯವಿದ್ದರೆ ಎಷ್ಟು ಸುಲಭವಿತ್ತು! ಅಪ್ಪ ಸತ್ತಾಗ ನಾನು, ನನ್ನ ತಮ್ಮ ಸಂಜಯ ಇನ್ನೂ ಅಂಗಳದಲ್ಲಿ ಮಣ್ಣು ತಿನ್ನುತ್ತಿದ್ದ ಮಕ್ಕಳು. ಅವ್ವನಿಗೆ ಅಳುವುದಕ್ಕೂ ಪುರುಸೊತ್ತು ಕೊಡದೆ ನಮ್ಮ ಗದ್ದೆಯನ್ನು ಹೂಡಿದವನು ನೀನು. ಸಂಜಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು ನೀನು. ಹೆಣ್ಣು ಹುಡುಗಿಗೆ ಕಾಲೇಜು ಎಂತಕ್ಕೆ ಎಂದು ನಮ್ಮ ಹೊಳೆದಂಡೆಯ ಕೇರಿ ಕೊಪ್ಪದ ಹಿರಿಯರು ಗೊಣಗಿದಾಗ, "ಅದು ನನ್ನ ಸೊಸೆಯಾಗೂ ಹುಡ್ಗಿ, ಓದ್ಲಿ" ಎಂದು ಹೊನ್ನಾವರದ ಬಸ್ಸು ಹತ್ತಿಸಿದವನೂ ನೀನೇ. ನಿನ್ನ ಮಗ ಸುದರ್ಶನನಿಗೆ ನಾನೆಂದು ನಾವು ಮಾತು ಕಲಿಯುವ ಮೊದಲೇ ಮಾತಾಗಿತ್ತು. ನೀನು ನನಗೆ ಮಾವನೂ ಹೌದು, ಆಗಲಿದ್ದ ಮಾವನೂ ಹೌದು, ಇಡೀ ಕೊಪ್ಪಕ್ಕೆ ಗೌಡನೂ ಹೌದು. ನಿನ್ನ ಮಾತು ಬಿದ್ದರೆ ಅದೇ ಕಟ್ಟಳೆ. ಆ ಕಟ್ಟಳೆಯ ನೆರಳಲ್ಲಿ ನಾವು ತಂಪಾಗಿಯೇ ಬೆಳೆದೆವು, ಸುಳ್ಳು ಹೇಳುವುದಿಲ್ಲ.

ಕಾಲೇಜಿನ ಕೊನೆಯ ವರ್ಷ ನಾವು ಆಡಿದ ನಾಟಕ ನಿನಗೆ ನೆನಪಿರಬೇಕು. ಗ್ರೀಸ್ ದೇಶದ್ದು, ಎರಡೂವರೆ ಸಾವಿರ ವರ್ಷಗಳ ಹಿಂದಿನ ದುರಂತ ನಾಟಕ. ಊರಿನ ಮೇಲೆ ದಂಡೆತ್ತಿ ಬಂದು ಸತ್ತವನ ಹೆಣವನ್ನು ಯಾರೂ ಮಣ್ಣು ಮಾಡಕೂಡದೆಂದು ರಾಜ ಡಂಗುರ ಹೊಡೆಸುತ್ತಾನೆ. ಸತ್ತವನ ತಂಗಿ ಕೇಳುವುದಿಲ್ಲ, ಹೋಗಿ ಹೆಣದ ಮೇಲೆ ಮಣ್ಣು ಹಾಕುತ್ತಾಳೆ. ಆ ರಾಜ ಅವಳಿಗೆ ಸೋದರಮಾವ. ಅವನ ಮಗನಿಗೇ ಅವಳನ್ನು ಕೊಡುವುದೆಂದು ಮಾತಾಗಿರುತ್ತದೆ. ನನಗೆ ಸಿಕ್ಕಿದ್ದು ಆ ಹುಡುಗಿಯ ಪಾತ್ರವಲ್ಲ. ಹತ್ತಿಯ ಗಡ್ಡ ಅಂಟಿಸಿಕೊಂಡು, ರಾಜ ಹೇಳಿದ್ದಕ್ಕೆಲ್ಲ ತಲೆದೂಗುವ ಊರ ಹಿರಿಯರ ಮೇಳದಲ್ಲಿ ನಾನೂ ಒಬ್ಬಳು. ನೀನು ಮುಂದಿನ ಸಾಲಿನಲ್ಲಿ ಕೂತು, ಕೊನೆಗೆ ರಾಜನ ಮಗನೂ ಹೆಂಡತಿಯೂ ಸತ್ತಾಗ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡೆ. ಬಸ್ಸಿನಲ್ಲಿ ಮನೆಗೆ ಬರುವಾಗ ಹೇಳಿದೆ: "ಅಲ್ದೇ ಮಗಾ, ಸತ್ತವರ ಮೇಲೆ ಎಂತಾ ಹಗೆ? ಆ ರಾಜಂಗೆ ಬುದ್ಧಿ ಹೇಳವ್ರು ಒಬ್ರೂ ಇಲ್ದೇ ಹೋದ್ರಲೆ!"

ಆಮೇಲೆ ಮರಳಿನ ಕತೆ. ಹೊಳೆಯ ಮರಳು ತೆಗೆದದ್ದು ಹೊರಗಿನವರಾದರೂ ದೋಣಿ ನಮ್ಮವರದು, ಕೂಲಿ ನಮ್ಮವರಿಗೆ. ದಂಡೆ ಕುಸಿದು ಉಪ್ಪುನೀರು ಗದ್ದೆಗೆ ನುಗ್ಗಿತು. ಮೊದಲು ಹೋದದ್ದು ನಮ್ಮದೇ ಗದ್ದೆ, ನೀನು ಹೂಡಿಕೊಟ್ಟದ್ದು. ಸಂಜಯ ನಿನ್ನ ಜಗುಲಿಗೆ ಬಂದು ಎಷ್ಟು ಸಲ ಹೇಳಿದ! "ನೋಡ್ವ, ನೋಡ್ವ" ಎಂದು ನೀನು ಎಲೆಯಡಿಕೆ ಮುಂದಕ್ಕೆ ತಳ್ಳಿದೆ. ಒಬ್ಬರ ಗದ್ದೆಗಾಗಿ ಹತ್ತು ಮನೆಯ ಅನ್ನ ತೆಗೆಯಲು ನಿನಗೆ ಮನಸ್ಸಿರಲಿಲ್ಲ. ಅದರಲ್ಲಿ ನಿನ್ನ ಸ್ವಾರ್ಥವೇನೂ ಇರಲಿಲ್ಲ, ಅದೂ ನನಗೆ ಗೊತ್ತು. ಅವನು ತಾಲೂಕು ಕಚೇರಿಗೆ ದೂರು ಕೊಟ್ಟ. ಒಂದು ಬೆಳಗಿನ ಜಾವ ಪೊಲೀಸರು ಹೊಳೆದಂಡೆಗೆ ಬಂದರು. ದೋಣಿಯಲ್ಲಿದ್ದವರು ಹೆದರಿ ನೀರಿಗೆ ಹಾರಿದರು. ಎಲ್ಲರೂ ಈಜಿ ದಡ ಸೇರಿದರು, ರಮಾನಂದಣ್ಣನ ಮಗ ರಾಜೇಶ ಮಾತ್ರ ಸೇರಲಿಲ್ಲ.

ರಾಜೇಶ ಸಂಜಯನ ಜೊತೆಗೇ ಶಾಲೆಗೆ ಹೋದವನು. ಅವನ ಹೆಣ ಸಿಕ್ಕಿದಾಗ ಇಡೀ ಕೊಪ್ಪ ಹೆಗಲು ಕೊಟ್ಟಿತು. ಹಿಂದಿನಿಂದ ನಡೆದು ಬಂದ ಸಂಜಯನನ್ನು ಕಲ್ಲು ಹೊಡೆದು ಓಡಿಸಿದರು. ಅವನು ಮಾಡಿದ್ದು ಸರಿಯೇ ತಪ್ಪೇ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಅವನಿಗೂ ಬಗೆಹರಿದಿರಲಿಲ್ಲ. ಊಟಕ್ಕೆ ಕೂತವನು ಎತ್ತಿದ ತುತ್ತನ್ನು ಮತ್ತೆ ಬಟ್ಟಲಿಗೇ ಹಾಕಿ ಏಳುತ್ತಿದ್ದ. ನೀನು ಕೂಟ ಸೇರಿಸಿ ಅವನನ್ನು ಕೊಪ್ಪದಿಂದ ಹೊರಗೆ ಹಾಕಿದೆ: ಬೆಂಕಿಯಿಲ್ಲ, ನೀರಿಲ್ಲ, ಮಾತಿಲ್ಲ. ಅವನು ಭಟ್ಕಳಕ್ಕೆ ಹೋಗಿ ಒಂದು ಗ್ಯಾರೇಜು ಸೇರಿದ. ಅವ್ವನನ್ನು ನೋಡಬೇಕೆನಿಸಿದಾಗ ಕೊಪ್ಪದ ಗಡಿಯಾಚೆ ಬಾಡ ಊರಿನ ಬಸ್‌ಸ್ಟಾಪಿನ ತನಕ ಬಂದು, ಅಲ್ಲೇ ಮಾತಾಡಿ, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದ. ನಿನ್ನ ಕಟ್ಟಳೆಯನ್ನು ಅವನು ಮುರಿದದ್ದೇ ಇಲ್ಲ, ಈರಮಾವ. ಬದುಕಿರುವಷ್ಟು ದಿನ.

ಹೆದ್ದಾರಿಯಲ್ಲಿ ಒಂದು ಲಾರಿ ಅವನ ಬೈಕಿಗೆ ಬಡಿಯಿತು. ಭಟ್ಕಳದ ಆಸ್ಪತ್ರೆಯಲ್ಲಿ ನಾನು ಗುರುತು ಹಿಡಿದದ್ದು ಅವನ ಕಾಲಿನ ಬೆರಳು ನೋಡಿ. ಹೆಣ ತರುತ್ತೇವೆಂದು ನಿನಗೆ ಹೇಳಿಕಳಿಸಿದೆವು. ದಾರಿಯಲ್ಲೇ ನಿನ್ನ ಉತ್ತರ ಬಂತು: ಭಟ್ಕಳದಲ್ಲೇ ಸುಡಿ, ಕೊಪ್ಪದ ಮಸಣ ಊರಿಗೆ ಎರಡು ಬಗೆದವನಿಗಲ್ಲ, ಕಟ್ಟಿಗೆ ಕೊಟ್ಟವರಿಗೂ, ಹೆಗಲು ಕೊಟ್ಟವರಿಗೂ ಅದೇ ಬಹಿಷ್ಕಾರ.

ಅವ್ವ ಆಂಬುಲೆನ್ಸಿನಿಂದ ಇಳಿದವಳು ನೇರ ನಿನ್ನ ಅಂಗಳಕ್ಕೆ ನಡೆದಳು. ನಿನಗೂ ಅದು ಮರೆತಿರಲಾರದು. "ತಮ್ಮಾ, ನಿನ್ನ ಸೊಂಟದ ಮೇಲೆ ಹೊತ್ತು ಆಡ್ಸಿದವ್ಳು ನಾನು. ಅವ್ನ ಅಪ್ಪನ ಬದಿಗೆ ಅವಂಗೊಂದು ಜಾಗ ಕೊಡು. ಬೇರೆ ಎಂತದೂ ಬೇಡ." ನೀನು ಅಕ್ಕನ ಮುಖ ನೋಡಲಿಲ್ಲ, ಹಿರಿಯರ ಮುಖ ನೋಡಿದೆ. "ನಾಗಕ್ಕ, ಇದು ನನ್ನ ಮನೆ ಮಾತಲ್ಲ, ಊರಿನ ಮಾತು. ಇವತ್ತು ಇದ್ನ ಸಡ್ಲ ಬಿಟ್ರೆ ನಾಳೆ ಕೊಪ್ಪ ಒಡೀತದೆ." ಹಿರಿಯರು ತಲೆದೂಗಿದರು. ನಿಜವಾದ ಗಡ್ಡ, ನಿಜವಾದ ತಲೆ. ನಾನು ಮುಂದೆ ಬಂದು, ಬಸ್ಸಿನಲ್ಲಿ ನೀನಾಡಿದ ಮಾತನ್ನು ನಿನಗೇ ಹೇಳಿದೆ. ನಿನ್ನ ಮುಖ ಒಂದು ಗಳಿಗೆ ಕರಗಿತು, ನಾನು ನೋಡಿದೆ. ಆಮೇಲೆ ಮತ್ತೆ ಕಲ್ಲಾಯಿತು. "ಅದು ನಾಟಕ ಕೂಸೇ. ಇದು ಊರು."

ಕಟ್ಟಿಗೆಯನ್ನು ನಾವು ಯಾರ ಹತ್ತಿರವೂ ಕೇಳಲಿಲ್ಲ. ಅವ್ವ ಕತ್ತಿ ಹಿಡಿದು ನಮ್ಮ ಕೊಟ್ಟಿಗೆಯ ಮಾಡು ಬಿಚ್ಚಿದಳು. ಜಂತಿ, ರೀಪು, ಕೊನೆಗೆ ಹಿತ್ತಿಲ ಬಾಗಿಲು. ಇಬ್ಬರು ಹೆಂಗಸರು ಅವನ್ನು ನೀನು ಇಲ್ಲವೆಂದ ಮಸಣಕ್ಕೇ ಹೊತ್ತು ಹಾಕುತ್ತಿದ್ದರೆ ಇಡೀ ಕೊಪ್ಪ ಬೇಲಿಯ ಆಚೆ ನಿಂತು ನೋಡಿತು. ಚಟ್ಟ ಎತ್ತುವ ಹೊತ್ತಿಗೆ ಆಂಬುಲೆನ್ಸಿನ ಚಾಲಕ ಹತ್ತಿರ ಬಂದ. ಭಟ್ಕಳದ ಸಾಯಿಬರವನು. "ಒಂದು ಬದಿ ನಾನು ಹಿಡಿತೇನೆ ಅಕ್ಕ. ಹೆಣಕ್ಕೆ ಹೆಗಲು ಕೊಡೂದು ನಮ್ಮಲ್ಲೂ ಪುಣ್ಯದ ಕೆಲಸವೇ." ಮುಂದೆ ಅವನು ಮತ್ತು ನಾನು, ಹಿಂದೆ ಅವ್ವ ಒಬ್ಬಳೇ. ಚಟ್ಟ ವಾಲಿತು. ಅವ್ವನ ಮೊಣಕಾಲು ಕುಸಿಯಿತು.

ಆಗ ಹಮ್ಮಚಿಕ್ಕಿ ಬೇಲಿಯ ಆ ಕಡೆಯಿಂದ ಸಾವಿನ ಹಾಡು ಎತ್ತಿದಳು. ಹೆಣ ಮುಟ್ಟಬೇಡಿ ಎಂದಿದ್ದೆ, ಕಟ್ಟಿಗೆ ಕೊಡಬೇಡಿ ಎಂದಿದ್ದೆ. ಹಾಡಬೇಡಿ ಎಂದು ಹೇಳಲು ಮರೆತಿದ್ದೆ. ಅವಳ ಮುರುಕಲು ದನಿ ಗದ್ದೆಯ ಮೇಲೆ ಹರಿದು ಬರುವಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸರ ಗುಂಪಿನಿಂದ ಸುದರ್ಶನ ಹೊರಗೆ ಬಂದ. ನೀನು ಕೂಗಿದೆ: "ಸುದರ್ಶನಾ, ಬೇಲಿ ದಾಟಿದ್ಯೋ, ನನ್ನ ಪಾಲಿಗೆ ನೀ ಸತ್ತೆ!" ಅವನು ತಿರುಗಿಯೂ ನೋಡಲಿಲ್ಲ. ಬಂದು ಅವ್ವನನ್ನು ಎಬ್ಬಿಸಿ ಬದಿಗೆ ನಿಲ್ಲಿಸಿ, ಚಟ್ಟದ ಹಿಂಬದಿಯನ್ನು ಒಬ್ಬನೇ ಹೊತ್ತ. ಕೊಳ್ಳಿ ಇಟ್ಟವಳು ನಾನು. ಹಸಿ ಗಾಳಿಗೆ ಬೆಂಕಿ ಬೇಗ ಹಿಡಿಯಲಿಲ್ಲ. ಬಗ್ಗಿ ಊದಿದೆ. ಒಡಹುಟ್ಟಿದವನ ಚಿತೆಯನ್ನು ಒಲೆಯಂತೆ ಊದುವುದೆಂದರೆ ಏನೆಂದು ನಿನಗೆ ತಿಳಿಸಿ ಹೇಳುವ ಮಾತು ನನ್ನಲ್ಲಿಲ್ಲ.

ಮರುದಿನ ನೀನು ಅಂಗಳದಲ್ಲಿ, ಬದುಕಿದ್ದ ಮಗನ ಹೆಸರಿನಲ್ಲಿ ನೀರಿನ ಮಡಕೆ ಒಡೆದೆ. ನಾವು ಮೂವರೂ ಕುಮಟೆಗೆ ಬಂದೆವು. ನಾನು ಔಷಧಿ ಅಂಗಡಿಗೆ ಸೇರಿದೆ, ಸುದರ್ಶನ ಗೂಡ್ಸ್ ರಿಕ್ಷಾ ಓಡಿಸಿದ. ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾಯಿತು. ನಿನ್ನ ಮನೆಗೆ ಸೊಸೆಯಾಗಬೇಕಾದವಳು ಸತ್ತವನ ಹೆಂಡತಿಯಾದೆ.

ಕಾಳತ್ತೆಯ ಮಾತು ಬರೆಯುವಾಗ ಮಾತ್ರ ಕೈ ತಡೆಯುತ್ತದೆ. ನಿನ್ನ ಹೆಂಡತಿ ತರಕಾರಿ ಮಾರುವ ನೆಪದಲ್ಲಿ ಪೇಟೆಗೆ ಬಂದು ಮಗನಿಗೆ ಸುಟ್ಟ ಗೆಣಸು ಕೊಟ್ಟು ಹೋಗುತ್ತಿದ್ದದ್ದು ನಿನಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಅವಳನ್ನು ಪೇಟೆಗೆ ಬಿಡಲಿಲ್ಲ. "ಗೌಡ್ನ ಮನೇಲೇ ಕಟ್ಲೆ ಮುರಿದ್ರೆ ಹೆಂಗೆ?" ಎಂದೆಯಂತೆ. ಅವಳು ಜಗಳ ಮಾಡಲಿಲ್ಲ. ಊಟ ಕಡಿಮೆ ಮಾಡಿದಳು, ಆಮೇಲೆ ಮಾತು. ಕಾಮಾಲೆ ಬಂದದ್ದು ನೆಪ. ಆಟಿ ತಿಂಗಳ ಮಳೆಯಲ್ಲಿ ಅವಳು ಹೋದಳು.

ಸುದ್ದಿ ಕೇಳಿ ಸುದರ್ಶನ ಓಡಿ ಬಂದ. ಆವತ್ತು ನಿನಗೂ ಅವನು ಬೇಕಾಗಿದ್ದ. "ಮಗನ್ನ ಒಳಗೆ ಕರೀವ, ತಾಯಿಗೆ ಬೆಂಕಿ ಕೊಡ್ಲಿ" ಎಂದು ಹಿರಿಯರ ಮುಂದೆ ಕೈ ಮುಗಿದೆಯಂತೆ. ಆಗ ರಮಾನಂದಣ್ಣ, ಮಗನನ್ನು ಹೊಳೆಗೆ ಕೊಟ್ಟ ಅದೇ ರಮಾನಂದಣ್ಣ, ಎದ್ದು ನಿಂತು ಕೇಳಿದ: "ಗೌಡ್ರೇ, ಆ ಮಾತು ನಿಮ್ಮ ಬಾಯಲ್ಲೇ ಬಂದದ್ದು. ನಿಮ್ಮನೆಗೊಂದು ಕಟ್ಲೆ, ಬೇರೆಯವ್ರ ಮನೆಗೊಂದು ಕಟ್ಲೆ ಉಂಟಾ?" ಹಿರಿಯರು ತಲೆದೂಗಿದರು. ಕೊನೆಗೆ ಕೊಳ್ಳಿ ನೀನೇ ಇಟ್ಟೆ. ಮಗ ಹಳ್ಳದ ಆಚೆ ದಡದಲ್ಲಿ ಕೊಡೆಯಿಲ್ಲದೆ ನಿಂತಿದ್ದ. ಹೊಗೆ ಏಳುವುದನ್ನು ಕಂಡ, ಹೊಗೆ ಇಳಿಯುವುದನ್ನು ಕಂಡ, ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಮಲಗಿದ. ಹೆತ್ತವಳ ಹೆಸರನ್ನು ಅವನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ.

ಈಗ ಕಟ್ಟಳೆ ಸಡಿಲವಾಗಿದೆಯಂತೆ. ಮಗನನ್ನು ಒಳಗೆ ಸೇರಿಸಲು ಊರು ಒಪ್ಪುತ್ತದೆಯಂತೆ. ಕೊಪ್ಪ ಒಡೆಯುವುದಿಲ್ಲವಂತೆ. ಇಷ್ಟು ಸುಲಭವಿತ್ತೇ, ಈರಮಾವ? ಒಂದು ಮಾತಿನಿಂದ ಆಗಬಹುದಾದದ್ದಕ್ಕೆ ನನ್ನ ಅವ್ವ ನಿನ್ನ ಅಂಗಳದ ಕೆಸರಿನಲ್ಲಿ ನಿಲ್ಲಬೇಕಿತ್ತೇ? ಕಾಳತ್ತೆ ಅನ್ನ ಬಿಡಬೇಕಿತ್ತೇ?

ನೀನು ಕೇಳಿದ್ದನ್ನು ನಾನು ಸುದರ್ಶನನಿಗೆ ಹೇಳಿದೆ. ಒಂದು ಅಕ್ಷರ ಕೂಡಿಸಲಿಲ್ಲ, ಒಂದು ಅಕ್ಷರ ಕಳೆಯಲಿಲ್ಲ. ಅವನು ರಿಕ್ಷಾದ ಗಾಜು ಒರೆಸುತ್ತಿದ್ದ. ಒರೆಸಿ ಮುಗಿಸಿ, ಬಟ್ಟೆ ಹಿಂಡಿ ಹಾಕಿ ಹೇಳಿದ: "ನಾ ಸತ್ತವ ಅಲ್ದಾ? ಮಡಕೆ ಒಡೆದಾತು. ಸತ್ತವ ಕೊಳ್ಳಿ ಇಡೂದು ಹೆಂಗೆ?" ಹೋಗಿ ಬಾ ಎಂದು ಅವ್ವ ಅಳುತ್ತಾ ಹೇಳಿದಳು, ನಾನೂ ಹೇಳಿದೆ. ಅವನ ಮುಖ ಕಲ್ಲಾಗಿತ್ತು. ಆ ಮುಖ ನನಗೆ ಪರಿಚಯದ್ದೇ. ನಿನ್ನ ಅಂಗಳದಲ್ಲಿ ಕಂಡದ್ದು. ನಿನ್ನ ಮಗನೇ ಅವನು, ಸಂಶಯವಿಲ್ಲ. ಅವನು ಬರುವುದಿಲ್ಲ.

ನಾನು ಬರುತ್ತೇನೆ.

ಕ್ಷಮಿಸಿದ್ದೇನೆಂದು ತಿಳಿಯಬೇಡ, ಕ್ಷಮಿಸಿಲ್ಲ. ಹಿರಿಯರು ಕರೆಯಲಿ, ಬಿಡಲಿ, ಹೆಂಗಸೆಂದು ತಡೆಯಲಿ, ಬರುತ್ತೇನೆ. ಸಂಜಯನಿಗೆ ಕೊಟ್ಟ ಬೆಂಕಿಯನ್ನು ಅವನಿಗೆ ಆ ಬೆಂಕಿ ಇಲ್ಲವೆಂದವನಿಗೂ ಕೊಡುತ್ತೇನೆ. ಕೊಡದೆ ಹೋದರೆ ನನಗೂ ನಿನಗೂ ಇರುವ ವ್ಯತ್ಯಾಸ ಅಳಿದುಹೋಗುತ್ತದೆ. ಅದೊಂದನ್ನು ಮಾತ್ರ ನಾನು ನಿನಗೆ ಬಿಟ್ಟುಕೊಡಲಾರೆ. ಆದರೆ ಆ ದಿನದವರೆಗೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ, ನೀರು ಕೇಳಿದರೂ ಕೊಡಲು ಬರುವುದಿಲ್ಲ. ಬದುಕಿರುವ ಈರಮಾವನಿಗೆ ನನ್ನಿಂದ ಸಲ್ಲುವುದು ಈ ಕಾಗದ ಮಾತ್ರ.

ಅವ್ವ ಪಕ್ಕದಲ್ಲಿ ಕೂತು, ತಮ್ಮನಿಗೆ ನೋವಿಲ್ಲದ ಸಾವು ಬರಲಿ ಎಂದು ಬರೆ ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಅದು ಅವಳ ಹರಕೆ, ನನ್ನದಲ್ಲ.

ನಿನ್ನ ಚಿತೆಯ ಹತ್ತಿರ ಕಾಣುವವರೆಗೆ,
ಸಂಜಯನ ಅಕ್ಕ,
ಸುಪ್ರಿಯಾ